ಕ್ಯಾಥರ್ ಪಂಥವನ್ನು ಮುಗಿಸಿದ್ದು ಕತ್ತಿಯೋ ಕಡತವೋ?

ಕಡತಪ್ರಿಯ:
ಮಧ್ಯಯುಗದ ದಕ್ಷಿಣ ಫ್ರಾನ್ಸಿನಲ್ಲಿ ಚರ್ಚಿಗೆ ಎದುರಾಗಿ ನಿಂತ ಕ್ಯಾಥರ್ ಪಂಥದ ಮಾತು ಬಂದಾಗಲೆಲ್ಲ ಎರಡು ಬೆಂಕಿಗಳ ಕಥೆ ಹೇಳಿ ಮುಗಿಸುವುದು ರೂಢಿಯಾಗಿದೆ. 1209ರಲ್ಲಿ ಬೆಝಿಯೆ ನಗರ ಉರಿದದ್ದು, 1244ರಲ್ಲಿ ಪಂಥದವರ ಆಶ್ರಯವಾಗಿದ್ದ ಮೊಂಸೆಗ್ಯೂರ್ ಕೋಟೆಯ ಬುಡದಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಜೀವಂತ ಸುಟ್ಟದ್ದು. ಎರಡೂ ನಡೆದದ್ದೇ. ಆದರೆ ನನ್ನ ತಕರಾರು ಬೇರೆ. ದಕ್ಷಿಣ ಫ್ರಾನ್ಸಿನ ಲಾಂಗ್‌ಡಾಕ್ ಪ್ರಾಂತ್ಯದಲ್ಲಿ 1209ರಿಂದ 1229ರವರೆಗೆ ಇಪ್ಪತ್ತು ವರ್ಷ ಯುದ್ಧ ನಡೆಯಿತು. ಅದು ಮುಗಿದಾಗ ಆ ನಾಡಿನ ಒಡೆಯನಾದ ತುಲೂಸಿನ ಕೌಂಟ್ ಸೋತಿದ್ದ, ಫ್ರಾನ್ಸಿನ ಅರಸೊತ್ತಿಗೆ ಗೆದ್ದಿತ್ತು, ಚರ್ಚು ಪಾಷಂಡವೆಂದ ಈ ಮತ ಮಾತ್ರ ಊರೂರಿನ ಅಡುಗೆಮನೆಗಳಲ್ಲಿ ಸುಖವಾಗಿ ಬದುಕಿತ್ತು. ಅದರ ಬೇರು ಕಿತ್ತವರು ಆಮೇಲೆ ಬಂದ ವಿಚಾರಕರು, ಅಂದರೆ ಪಾಷಂಡಿಗಳನ್ನು ಹುಡುಕಿ ವಿಚಾರಿಸಲು ಚರ್ಚು ನೇಮಿಸಿದ ಇನ್‌ಕ್ವಿಸಿಟರ್‌ಗಳು, ಮತ್ತು ಅವರ ಗುಮಾಸ್ತರು.

ತುಲೂಸಿನ ಪುರಸಭೆಯ ಗ್ರಂಥಾಲಯದಲ್ಲಿ 609 ಎಂಬ ಸಂಖ್ಯೆಯ ಹಸ್ತಪ್ರತಿಯೊಂದಿದೆ. ಬೆರ್ನಾರ್ ದ ಕೋ ಮತ್ತು ಝಾಂ ದ ಸ್ಯಾಂ ಪಿಯೆರ್ ಎಂಬ ಇಬ್ಬರು ಡೊಮಿನಿಕನ್ ಸನ್ಯಾಸಿಗಳು 1245 ಮತ್ತು 1246ರಲ್ಲಿ ನಡೆಸಿದ ವಿಚಾರಣೆಯ ದಾಖಲೆ ಅದು. 14 ದಾಟಿದ ಗಂಡಸರು, 12 ದಾಟಿದ ಹೆಂಗಸರು ಎಲ್ಲರೂ ತುಲೂಸಿಗೆ ಬಂದು ಹೇಳಿಕೆ ಕೊಡಬೇಕು. 5,400ಕ್ಕೂ ಹೆಚ್ಚು ಜನ ಕೊಟ್ಟರು. ನಂಬಿಕೆಯ ಬಗ್ಗೆ ಕೇಳಿದ್ದು ಅಷ್ಟಕ್ಕಷ್ಟೇ. ಪಾಷಂಡಿಗಳನ್ನು ಕಂಡೆಯಾ, ಎಲ್ಲಿ, ಯಾವಾಗ, ಜೊತೆಗೆ ಯಾರಿದ್ದರು, ಅವರಿಗೆ ನಮಸ್ಕರಿಸಿದೆಯಾ, ಅವರು ಹರಸಿದ ರೊಟ್ಟಿ ತಿಂದೆಯಾ, ಏನಾದರೂ ಕೊಟ್ಟೆಯಾ? ಇಂಥ ಒಣ ಪ್ರಶ್ನೆಗಳೇ. ಒಬ್ಬನ ಉತ್ತರದಲ್ಲಿ ಬಂದ ಹೆಸರು ಇನ್ನೊಬ್ಬನ ಹೇಳಿಕೆಗೆ ತಾಳೆಯಾಗುತ್ತದೆಯೇ ಎಂದು ನೋಡಿದರೆ ಊರೇ ಬಲೆಯೊಳಗೆ. ಇದರ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಪ್ರಶ್ನೆಗಾರ:
ಸ್ವಲ್ಪ ತಡೆಯಿರಿ. ಈ ಕ್ಯಾಥರರು ನಂಬುತ್ತಿದ್ದದ್ದಾದರೂ ಏನು? ಅವರೂ ಕ್ರೈಸ್ತರೇ ತಾನೇ? ಪೋಪ್‌ಗೆ ಅವರ ಮೇಲೆ ಸೈನ್ಯ ಕಳಿಸುವಷ್ಟು ಸಿಟ್ಟು ಏಕೆ?

ನಿವೃತ್ತ ಮೇಷ್ಟ್ರು:
ತಾವೇ ನಿಜವಾದ ಕ್ರೈಸ್ತರು ಎಂಬುದು ಅವರ ವಾದ. ತಮ್ಮನ್ನು ಅವರು ಕ್ಯಾಥರ್ ಎಂದು ಕರೆದುಕೊಂಡವರಲ್ಲ. ಊರಿನವರ ಬಾಯಲ್ಲಿ ಅವರು 'ಒಳ್ಳೆಯ ಗಂಡಸರು', 'ಒಳ್ಳೆಯ ಹೆಂಗಸರು'.

ಬೋಧನೆ ಹೀಗೆ: ಕಣ್ಣಿಗೆ ಕಾಣುವ ಈ ಜಗತ್ತು, ಮಣ್ಣು, ಮಾಂಸ, ದೇಹ, ಇದೆಲ್ಲ ಒಳ್ಳೆಯ ದೇವರ ಸೃಷ್ಟಿಯಲ್ಲ, ದುಷ್ಟಶಕ್ತಿಯದು. ಆತ್ಮ ಮೇಲಿನಿಂದ ಬಿದ್ದು ದೇಹದಲ್ಲಿ ಸೆರೆಯಾಗಿದೆ. ಬಿಡುಗಡೆ ಆಗುವವರೆಗೆ ಒಂದು ದೇಹದಿಂದ ಇನ್ನೊಂದಕ್ಕೆ ಅಲೆಯುತ್ತದೆ. ಬಿಡುಗಡೆಗೆ ಇರುವುದು ಒಂದೇ ದೀಕ್ಷೆ, ಕೊನ್ಸೊಲಾಮೆಂತುಮ್. ಯೋಹಾನನ ಸುವಾರ್ತೆಯನ್ನು ತಲೆಯ ಮೇಲಿಟ್ಟು, ದೀಕ್ಷಿತರು ಕೈಯಿಟ್ಟು ಕೊಡುವಂಥದು. ನೀರಿಲ್ಲ, ಎಣ್ಣೆಯಿಲ್ಲ. ಯೇಸು ನಿಜವಾದ ಮಾಂಸದ ದೇಹ ತಾಳಲೇ ಇಲ್ಲ ಎಂದವರಿಗೆ ಶಿಲುಬೆಯೂ ಬೇಕಿರಲಿಲ್ಲ, ಬಲಿಪೂಜೆಯ ರೊಟ್ಟಿಯೂ ಬೇಕಿರಲಿಲ್ಲ.

ದೀಕ್ಷೆ ಪಡೆದವರ ಬದುಕು ಕಠಿಣ. ಮಾಂಸ, ಮೊಟ್ಟೆ, ಹಾಲು, ಗಿಣ್ಣು ವರ್ಜ್ಯ. ಸಂಸಾರವಿಲ್ಲ. ಸುಳ್ಳಾಡುವಂತಿಲ್ಲ, ಕೊಲ್ಲುವಂತಿಲ್ಲ, ಆಣೆ ಇಡುವಂತಿಲ್ಲ. ಈ ಕೊನೆಯದನ್ನು ಗಮನಿಸಿ. ಸಾಮಂತ ಪದ್ಧತಿ ಇಡಿಯಾಗಿ ನಿಂತದ್ದೇ ಆಣೆಯ ಮೇಲೆ. ಒಡೆಯನಿಗೆ ಸಾಮಂತ, ಸಾಮಂತನಿಗೆ ಒಕ್ಕಲು, ನ್ಯಾಯಾಲಯಕ್ಕೆ ಸಾಕ್ಷಿ, ಎಲ್ಲರೂ ಬೈಬಲ್ ಮುಟ್ಟಿ ಪ್ರಮಾಣ ಮಾಡುವ ಕಾಲ. ಆಣೆಯೇ ಪಾಪ ಎನ್ನುವವನನ್ನು ಯಾವ ಅರಸ ಸಹಿಸುತ್ತಾನೆ? ಇನ್ನು ಪಾದ್ರಿಗಳಿಲ್ಲದೆ ಮೋಕ್ಷ ಸಿಗುವುದಾದರೆ ದಶಾಂಶ ತೆರಿಗೆ ಕೊಡುವವರು ಯಾರು? ಪೋಪ್ ಮೂರನೆಯ ಇನೊಸೆಂಟ್‌ಗೆ ಬಂದ ಸಿಟ್ಟಿನಲ್ಲಿ ದೇವತಾಶಾಸ್ತ್ರವೂ ಇತ್ತು, ಲೆಕ್ಕಪತ್ರವೂ ಇತ್ತು.

ತುಂಗಾತೀರ:
ಮಾಂಸ ಬಿಡುವುದು, ಮರುಹುಟ್ಟು... ಇದು ನಮ್ಮ ಕಡೆಯಿಂದಲೇ ಹೋದ ವಿಚಾರ ಎಂದು ಎಲ್ಲೋ ಓದಿದ ನೆನಪು.

ನಿವೃತ್ತ ಮೇಷ್ಟ್ರು:
ಹಾಗೆ ಬರೆಯುವವರಿದ್ದಾರೆ, ಆಧಾರ ಕೊಡುವವರಿಲ್ಲ. ಹತ್ತಿರದ ನಂಟು ಹುಡುಕಬೇಕಿದ್ದರೆ ಬಲ್ಗೇರಿಯಾದ ಬೊಗೊಮಿಲ್ ಪಂಥವಿದೆ, ಹತ್ತನೆಯ ಶತಮಾನದ್ದು. ಅಷ್ಟು ದೂರ ಬರಬೇಕಾಗಿಲ್ಲ. ಮಾಂಸ ಬಿಟ್ಟದ್ದಕ್ಕೆ ಅವರು ಕೊಟ್ಟ ಕಾರಣವೂ ಬೇರೆಯೇ. ಸಂಭೋಗದಿಂದ ಹುಟ್ಟಿದ್ದೆಲ್ಲ ಹೊಲಸು. ಮೀನು ನೀರಿನಲ್ಲಿ ತಾನಾಗಿ ಹುಟ್ಟುತ್ತದೆ ಎಂಬುದು ಆ ಕಾಲದ ತಿಳಿವಳಿಕೆ, ಹಾಗಾಗಿ ಮೀನು ನಡೆಯುತ್ತಿತ್ತು!

ತುಂಗಾತೀರ:
ಮೀನಿನ ವಿಷಯ ಗೊತ್ತಿರಲಿಲ್ಲ. ಸರಿ, ಕಡತಪ್ರಿಯರ ಮಾತಿಗೆ ಬರುತ್ತೇನೆ. ನಿಮ್ಮ ಕಡತದ ಮೋಹದಲ್ಲಿ ರಕ್ತ ತೆಳುವಾಗಿ ಕಾಣುತ್ತಿದೆ. 'ಎಲ್ಲರನ್ನೂ ಕೊಲ್ಲಿ, ತನ್ನವರು ಯಾರೆಂದು ದೇವರಿಗೆ ಗೊತ್ತು' ಎಂದು ಪೋಪ್‌ನ ಪ್ರತಿನಿಧಿಯೇ ಹೇಳಿದ ಯುದ್ಧ ಅದು. ಅದಕ್ಕಿಂತ ಹೆಚ್ಚು ಯಾವ ಗುಮಾಸ್ತ ಮಾಡಿದ?

ಕಡತಪ್ರಿಯ:
ಆ ಮಾತು ಬರುವುದು ಜರ್ಮನಿಯ ಹೈಸ್ಟರ್‌ಬಾಖ್ ಮಠದ ಸೀಸೇರಿಯಸ್ ಎಂಬ ಸನ್ಯಾಸಿಯ ಬರಹದಲ್ಲಿ. ಘಟನೆ ನಡೆದು ಹತ್ತು ವರ್ಷಗಳ ಮೇಲಿನ ಬರಹ, ಅದರಲ್ಲೂ 'ಹೇಳಿದನಂತೆ' ಎಂಬ ಧಾಟಿ. ಪೋಪ್‌ನ ಆ ಪ್ರತಿನಿಧಿ, ಸೀತೋ ಮಠದ ಅಧಿಪತಿ ಆರ್ನೋ ಅಮೋರಿ ಹಾಗೆ ಹೇಳಿದನೋ ಇಲ್ಲವೋ, ತಾನೇ ಪೋಪ್‌ಗೆ ಬರೆದ ಪತ್ರ ಇದೆಯಲ್ಲ, ಅದು ಸಾಲದೇ? ಅಂತಸ್ತು, ಲಿಂಗ, ವಯಸ್ಸು ಯಾವುದನ್ನೂ ನೋಡದೆ ಸುಮಾರು 20,000 ಜನರನ್ನು ಕತ್ತಿಗೆ ಕೊಟ್ಟೆವು ಎಂದು ಬರೆದಿದ್ದಾನೆ. ಸಂಖ್ಯೆ ಉಬ್ಬಿಸಿದ್ದೆಂದು ಇತಿಹಾಸಕಾರರು ಹೇಳುತ್ತಾರೆ. ಉಬ್ಬಿಸಿ ಹೇಳಿಕೊಳ್ಳುವಷ್ಟು ಹೆಮ್ಮೆ ಇತ್ತು ಎಂಬುದೇ ಸಾಕು.

ಬೆಝಿಯೆಯ ಬಿಷಪ್ ದಾಳಿಗೆ ಮೊದಲು ಒಳಗೆ ಹೋಗಿ ಪಾಷಂಡಿಗಳ ಪಟ್ಟಿ ಹಿಡಿದು, ಇವರನ್ನು ಒಪ್ಪಿಸಿ, ಇಲ್ಲವೇ ಇವರನ್ನು ಬಿಟ್ಟು ನೀವೆಲ್ಲ ಹೊರಗೆ ಬನ್ನಿ ಎಂದಿದ್ದ. ಪಟ್ಟಿಯಲ್ಲಿ ಇದ್ದದ್ದು ಸುಮಾರು 220 ಹೆಸರು. ಇಡೀ ನಗರದಲ್ಲಿ ಅಷ್ಟೇ! ಊರಿನವರು ಒಪ್ಪಲಿಲ್ಲ. ಜುಲೈ 22, ಮಗ್ದಲದ ಮರಿಯಳ ಹಬ್ಬದ ದಿನ, ಸೈನ್ಯದ ಜೊತೆಗಿದ್ದ ಪುಂಡರ ದಂಡು ಗೋಡೆ ಹತ್ತಿತು. ಅದೇ ಮರಿಯಳ ಹೆಸರಿನ ಚರ್ಚಿನೊಳಗೆ ಅಡಗಿದವರನ್ನೂ ಬಿಡಲಿಲ್ಲ. ಸತ್ತವರಲ್ಲಿ ಬಹುಪಾಲು ನಿಯತ್ತಿನ ಕ್ಯಾಥೊಲಿಕರು.

ನಾನು ರಕ್ತವನ್ನು ಮರೆಮಾಡುತ್ತಿಲ್ಲ, ತುಂಗಾತೀರ. ಆ ರಕ್ತದಿಂದ ಪಂಥ ಸಾಯಲಿಲ್ಲ ಎನ್ನುತ್ತಿದ್ದೇನೆ.

ಪ್ರಶ್ನೆಗಾರ:
ಯುದ್ಧಕ್ಕೆ ನೆಪ ಏನಿತ್ತು? ಸುಮ್ಮನೆ ಹೊರಟುಬಿಟ್ಟರೇ?

ನಿವೃತ್ತ ಮೇಷ್ಟ್ರು:
ಇಲ್ಲ, ಮೊದಲು ಮಾತಿನಿಂದ ಗೆಲ್ಲಲು ನೋಡಿದರು. 1145ರಲ್ಲಿ ಕ್ಲೇರ್ವೋ ಮಠದ ಬೆರ್ನಾರ್‌ನೇ ಬಂದು ಉಪದೇಶ ಮಾಡಿ ಹೋದ. 1206ರಲ್ಲಿ ಸ್ಪೇನಿನ ಡೊಮಿನಿಕ್ ಬಂದ, ಮುಂದೆ ಡೊಮಿನಿಕನ್ ಸನ್ಯಾಸಿಗಳ ಸಂಘ ಕಟ್ಟಿದವನು. ಪೋಪ್‌ನ ಪ್ರತಿನಿಧಿಗಳು ಪರಿವಾರ ಕಟ್ಟಿಕೊಂಡು ಕುದುರೆಯ ಮೇಲೆ ಮೆರೆಯುತ್ತಿದ್ದಾಗ, ಬರಿಗಾಲಿನ ಬಡ ಕ್ಯಾಥರ್ ಬೋಧಕರ ಮುಂದೆ ಇದು ನಡೆಯುವುದಿಲ್ಲ, ನಾವೂ ಕಾಲ್ನಡಿಗೆಯಲ್ಲೇ ಹೋಗೋಣ ಎಂದವರು ಡೊಮಿನಿಕ್ ಮತ್ತು ಅವನ ಬಿಷಪ್ ಡಿಯೆಗೊ. ಎರಡೂ ಕಡೆಯವರು ಊರಿನ ನಡುವೆ ಕುಳಿತು ದಿನಗಟ್ಟಲೆ ವಾದ ಮಾಡುತ್ತಿದ್ದರು.

ತುಲೂಸಿನ ಬಿಷಪ್ ಫುಲ್ಕ್, ಹಿಂದೆ ಪ್ರೇಮಗೀತೆ ಕಟ್ಟಿ ಹಾಡುತ್ತಿದ್ದ ಕವಿ ಆತ, ಒಬ್ಬ ನೈಟ್‌ನನ್ನು ಕೇಳಿದನಂತೆ: ಅವರ ವಾದ ಪೊಳ್ಳೆಂದು ನಿಮಗೆ ಗೊತ್ತಾಯಿತಲ್ಲ, ಮತ್ತೇಕೆ ಓಡಿಸುವುದಿಲ್ಲ? ಉತ್ತರ: ಆಗುವುದಿಲ್ಲ ಸ್ವಾಮಿ. ಅವರ ಜೊತೆಯಲ್ಲೇ ಬೆಳೆದಿದ್ದೇವೆ, ನಮ್ಮ ನೆಂಟರೇ ಅವರಲ್ಲಿದ್ದಾರೆ, ಅವರು ಎಷ್ಟು ಚೆನ್ನಾಗಿ ಬಾಳುತ್ತಾರೆಂದು ಕಣ್ಣಾರೆ ನೋಡುತ್ತಿದ್ದೇವೆ.

1208ರ ಜನವರಿ 14ರಂದು ಪೋಪ್‌ನ ಪ್ರತಿನಿಧಿ ಪಿಯೆರ್ ದ ಕಾಸ್ತೆಲ್ನೋನನ್ನು ರೋನ್ ನದಿಯ ದಂಡೆಯಲ್ಲಿ ಯಾರೋ ಇರಿದು ಕೊಂದರು. ತುಲೂಸಿನ ಕೌಂಟ್ ಆರನೆಯ ರೇಮಂಡ್‌ನ ಕೈವಾಡ ಎಂದು ಗುಮಾನಿ ಬಿತ್ತು. ಪೋಪ್ ಧರ್ಮಯುದ್ಧ ಸಾರಿದ. ಜೆರುಸಲೇಮಿಗೆ ಹೋಗಿ ಬಂದವರಿಗೆ ಸಿಗುವ ಪಾಪವಿಮೋಚನೆ ಇಲ್ಲಿ 40 ದಿನ ಕಾದಾಡಿದರೆ ಸಿಗುತ್ತಿತ್ತು. ಬೇಸಿಗೆಯಲ್ಲಿ ಬಂದು, 40 ದಿನ ಎಣಿಸಿ, ಪುಣ್ಯ ಕಟ್ಟಿಕೊಂಡು ಊರಿಗೆ ಹೋಗುವ ಉತ್ತರದ ಪ್ರಭುಗಳಿಂದ ಸೇನಾಪತಿ ಸಿಮೋನ್ ದ ಮೊಂಫೋರ್ ರೋಸಿಹೋಗಿದ್ದ. ಗೆದ್ದ ಕೋಟೆ ಚಳಿಗಾಲದಲ್ಲಿ ಕೈತಪ್ಪುವುದು ಅವನಿಗೆ ಮಾಮೂಲಾಗಿತ್ತು.

ತುಂಗಾತೀರ:
ಆ ಸಿಮೋನನ ಬಗ್ಗೆ ಮರುಕ ಬೇಡ ಮೇಷ್ಟ್ರೇ. 1210ರಲ್ಲಿ ಬ್ರಾಂ ಎಂಬಲ್ಲಿ ಸುಮಾರು ನೂರು ಸೆರೆಯಾಳುಗಳ ಕಣ್ಣು ಕಿತ್ತು ಮೂಗು ಕೊಯ್ಸಿದ. ಒಬ್ಬನಿಗೆ ಮಾತ್ರ ಒಂದು ಕಣ್ಣು ಉಳಿಸಿ, ಉಳಿದವರನ್ನು ಮುಂದಿನ ಕೋಟೆಗೆ ಕರೆದುಕೊಂಡು ಹೋಗು ಎಂದ. ಅದೇ ವರ್ಷ ಮಿನೆರ್ವ್‌ನಲ್ಲಿ 140 ದೀಕ್ಷಿತರ ದಹನ. ಮರುವರ್ಷ ಲಾವೋರ್‌ನಲ್ಲಿ ಸುಮಾರು 400. ಅಲ್ಲಿನ ಒಡತಿ ಝಿರೋಡ್‌ಳನ್ನು ಬಾವಿಗೆ ತಳ್ಳಿ ಮೇಲಿಂದ ಕಲ್ಲು ಸುರಿಸಿದರು. 1218ರಲ್ಲಿ ತುಲೂಸಿನ ಮುತ್ತಿಗೆಯಲ್ಲಿ ಕವಣೆಯಂತ್ರದ ಕಲ್ಲೊಂದು ಸಿಮೋನನ ತಲೆಗೆ ಬಡಿದು ಅವನು ಸತ್ತ. ಯಂತ್ರ ನಡೆಸುತ್ತಿದ್ದವರು ಊರಿನ ಹೆಂಗಸರು, ಹುಡುಗಿಯರು ಎಂದು ಆ ಕಾಲದ ಕಾವ್ಯವೇ ಹೇಳುತ್ತದೆ. ಓದುವಾಗ ಸಮಾಧಾನ ಆಗುತ್ತದೆ, ಸುಳ್ಳು ಹೇಳುವುದಿಲ್ಲ.

ಕಡತಪ್ರಿಯ:
ಸರಿ, ಈಗ ನೀವೇ ಹೇಳಿ. 1209ರಿಂದ 1211ರವರೆಗೆ ಇಷ್ಟೆಲ್ಲ ಸುಟ್ಟ ಮೇಲೆ 1230ರ ದಶಕದಲ್ಲಿ ತುಲೂಸ್ ನಗರದ ಒಳಗೇ ದೀಕ್ಷಿತರು ಓಡಾಡುತ್ತಿದ್ದರಲ್ಲ, ಅದು ಹೇಗೆ? ಕತ್ತಿಗೆ ಕಾಣುವುದು ಗೋಡೆ ಮಾತ್ರ. ಗೋಡೆಯ ಒಳಗಿನ ನೆಂಟಸ್ತಿಕೆ ಕಾಣುವುದಿಲ್ಲ.

ಆ ನಗರದ ಎರಡು ಪ್ರಸಂಗಗಳನ್ನು ಗಿಯೋಮ್ ಪೆಲಿಸೋ ಎಂಬ ಡೊಮಿನಿಕನ್ನನೇ ಬರೆದಿಟ್ಟಿದ್ದಾನೆ. ಮೊದಲನೆಯದು 1234ರ ಆಗಸ್ಟ್‌ನದು, ಹೊಸದಾಗಿ ಸಂತ ಪದವಿ ಪಡೆದ ಡೊಮಿನಿಕ್‌ನ ಮೊದಲ ಹಬ್ಬ. ಪೂಜೆ ಮುಗಿಸಿ ಊಟಕ್ಕೆ ಕೈ ತೊಳೆಯುವ ಹೊತ್ತಿಗೆ, ಹತ್ತಿರದ ಮನೆಯಲ್ಲಿ ಸಾಯುತ್ತಿರುವ ಮುದುಕಿಯೊಬ್ಬಳು ಪಾಷಂಡಿಗಳ ದೀಕ್ಷೆ ಪಡೆದಿದ್ದಾಳೆ ಎಂಬ ಸುದ್ದಿ ಬಂತು. ಬಿಷಪ್ ನೇರ ಅಲ್ಲಿಗೆ ಹೋಗಿ ಹಾಸಿಗೆಯ ಪಕ್ಕ ಕುಳಿತು ಈ ಲೋಕ ಎಷ್ಟು ನಿಸ್ಸಾರ ಎಂದು ಮೆಲ್ಲಗೆ ಮಾತು ತೆಗೆದ. ತಮ್ಮವರ ಬಿಷಪ್ಪನೇ ಬಂದಿದ್ದಾನೆಂದು ಆಕೆ ನಂಬಿದ್ದನ್ನೆಲ್ಲ ಬಾಯಿಬಿಟ್ಟಳು. ಮರುಗಳಿಗೆಯಲ್ಲಿ ಅವನು ತಾನು ಯಾರೆಂದು ಹೇಳಿ, ಮತ ಬಿಡು ಎಂದ. ಆಕೆ ಬಿಡಲಿಲ್ಲ. ಮಂಚದ ಸಮೇತ ಹೊತ್ತೊಯ್ದು ಸುಟ್ಟರು. ಆಮೇಲೆ ಬಿಷಪ್ ಮತ್ತು ಸನ್ಯಾಸಿಗಳು ಭೋಜನಶಾಲೆಗೆ ಮರಳಿ, ದೇವರಿಗೂ ಸಂತ ಡೊಮಿನಿಕ್‌ಗೂ ಕೃತಜ್ಞತೆ ಹೇಳಿ, ಸಂತೋಷದಿಂದ ಊಟ ಮಾಡಿದರು. ನನಗೆ ಎದೆ ಝಲ್ಲೆನಿಸಿದ್ದು ಈ ಊಟವನ್ನು ಅವನು ಬರೆದಿರುವ ನಿರಾಳತೆಗೆ.

ಎರಡನೆಯವನು ಝಾಂ ತಿಸ್ಸೆಯ್‌ರ್, ನಗರದ ಹೊರವಲಯದ ಒಬ್ಬ ಸಾಮಾನ್ಯ ಕೆಲಸಗಾರ. ಆರೋಪ ಬಂದಾಗ ಜನರೆದುರು ಕೂಗಿ ಹೇಳಿದ: 'ಸ್ವಾಮಿಗಳೇ, ಕೇಳಿ. ನಾನು ಪಾಷಂಡಿಯಲ್ಲ. ನನಗೆ ಹೆಂಡತಿ ಇದ್ದಾಳೆ, ಅವಳ ಜೊತೆ ಮಲಗುತ್ತೇನೆ, ಮಕ್ಕಳಿದ್ದಾರೆ, ಮಾಂಸ ತಿನ್ನುತ್ತೇನೆ, ಸುಳ್ಳು ಹೇಳುತ್ತೇನೆ, ಆಣೆ ಇಡುತ್ತೇನೆ, ನಾನು ನಿಷ್ಠಾವಂತ ಕ್ರೈಸ್ತ!' ಇವತ್ತು ನನ್ನನ್ನು ಸುಟ್ಟರೆ ನಾಳೆ ನಿಮ್ಮ ಸರದಿ ಎಂಬ ಅವನ ಮಾತಿಗೆ ಊರು ಕೆರಳಿತು. ಸುಡುವುದು ನಿಂತು ಸೆರೆಮನೆಗೆ ಹಾಕಿದರು. ಸೆರೆಮನೆಯಲ್ಲಿ ಲಾವೋರ್ ಕಡೆಯಿಂದ ಹಿಡಿದು ತಂದ ದೀಕ್ಷಿತರ ಪರಿಚಯವಾಗಿ, ಅವನೂ ದೀಕ್ಷೆ ಪಡೆದು, ಕೊನೆಗೆ ಅವರ ಜೊತೆಯಲ್ಲೇ ಉರಿದುಹೋದ.

ಪ್ರಶ್ನೆಗಾರ:
ಸುಳ್ಳು ಹೇಳುತ್ತೇನೆ, ಆದ್ದರಿಂದ ನಾನು ಒಳ್ಳೆಯ ಕ್ರೈಸ್ತ! ನಗಬೇಕೋ ಅಳಬೇಕೋ.

ಕಡಲೂರಿನವಳು:
ನಾನು ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಮನೆಯವಳು. ಇನ್‌ಕ್ವಿಸಿಷನ್ ಎಂದೊಡನೆ ನಮಗೆ ನೆನಪಾಗುವುದು ಗೋವಾ. ಗೋವಾ ಬಿಟ್ಟು ನಮ್ಮ ಹಿರಿಯರು ಕೆನರಾ ಕಡೆಗೆ ಬಂದದ್ದಕ್ಕೆ ಬರಗಾಲ, ಯುದ್ಧಗಳ ಜೊತೆಗೆ ಅದನ್ನೂ ಒಂದು ಕಾರಣವೆಂದು ಹೇಳುತ್ತಾರೆ. ಇಲ್ಲಿ ಹೇಳುತ್ತಿರುವುದು ಅದೇ ಸಂಸ್ಥೆಯೇ?

ಕಡತಪ್ರಿಯ:
ಅಲ್ಲ ಅಕ್ಕಾ. ತುಲೂಸಿನದು ಪೋಪ್ ಒಂಬತ್ತನೆಯ ಗ್ರೆಗರಿ 1233ರ ಸುಮಾರಿಗೆ ಡೊಮಿನಿಕನ್ನರ ಕೈಗೆ ಕೊಟ್ಟ ಕೆಲಸ. ಗೋವಾದ್ದು 1560ರಲ್ಲಿ ಶುರುವಾದ, ಪೋರ್ಚುಗೀಸ್ ಅರಸೊತ್ತಿಗೆಯ ನೆರಳಿನ ನ್ಯಾಯಾಲಯ. ನಡುವೆ 300 ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಆದರೆ ಗುಟ್ಟಿನ ಸಾಕ್ಷಿ, ಹೇಳಿಕೆಯ ದಾಖಲೆ, ಆಸ್ತಿ ಮುಟ್ಟುಗೋಲು ಈ ಕ್ರಮಗಳು ಪಳಗಿದ್ದು ಲಾಂಗ್‌ಡಾಕ್‌ನಲ್ಲೇ. ಇನ್ನೊಂದು ವ್ಯತ್ಯಾಸ ಹೇಳಲೇಬೇಕು. ಗೋವಾದ ನ್ಯಾಯಾಲಯವನ್ನು 1812ರಲ್ಲಿ ಮುಚ್ಚಿದಾಗ ಅದರ ಕಡತಗಳಲ್ಲಿ ಬಹುಪಾಲನ್ನು ಸುಟ್ಟುಬಿಟ್ಟರು. ನಿಮ್ಮ ಹಿರಿಯರಲ್ಲಿ ಯಾರನ್ನು ಏನು ಕೇಳಿದರು ಎಂಬುದು ಅದರೊಂದಿಗೆ ಹೋಯಿತು. ಲಾಂಗ್‌ಡಾಕ್‌ನ ಒಬ್ಬ ಕುರುಬ 700 ವರ್ಷಗಳ ಹಿಂದೆ ಯಾರ ಮನೆಯಲ್ಲಿ ಊಟ ಮಾಡಿದ ಎಂಬುದು ಮಾತ್ರ ಉಳಿದಿದೆ.

ಕಡಲೂರಿನವಳು:
ಹಾಗಾದರೆ ಒಂದು ಮಾತು ಕೇಳುತ್ತೇನೆ. ನಿಮ್ಮ ವಾದವೆಲ್ಲ ನಿಂತಿರುವುದು ವಿಚಾರಕರು ಬರೆಸಿದ ಕಾಗದದ ಮೇಲೆ. ಜನ ಹೇಳಿದ್ದು ತಮ್ಮ ನಾಡಿನ ಆಕ್ಸಿತಾನ್ ಭಾಷೆಯಲ್ಲಿ, ಗುಮಾಸ್ತ ಬರೆದದ್ದು ಲ್ಯಾಟಿನ್‌ನಲ್ಲಿ, ಕೇಳಿದ್ದು ಅವರಿಗೆ ಬೇಕಾದ ಪ್ರಶ್ನೆ. ಹೆದರಿದವರ ಬಾಯಿಂದ ಹೊರಟ 'ಹೌದು'ಗಳನ್ನು ಪೋಣಿಸಿ ಒಂದು ಪಂಥ ಇತ್ತು ಎಂದು ನಂಬಬಹುದೇ?

ನಿವೃತ್ತ ಮೇಷ್ಟ್ರು:
ಇದು ಈ ಚರ್ಚೆಯಲ್ಲಿ ಬಂದ ಅತ್ಯುತ್ತಮ ಪ್ರಶ್ನೆ. ಕಳೆದ ಇಪ್ಪತ್ತೈದು ವರ್ಷಗಳಿಂದ ವಿದ್ವಾಂಸರು ಇದರ ಮೇಲೆಯೇ ಜಗಳವಾಡುತ್ತಿದ್ದಾರೆ. 609ರ ಹಸ್ತಪ್ರತಿಯನ್ನು ಆಳವಾಗಿ ಓದಿದ ಇತಿಹಾಸಕಾರ ಮಾರ್ಕ್ ಪೆಗ್ ಹೇಳುವುದು: ಆ ಹೇಳಿಕೆಗಳಲ್ಲಿ ಕ್ಯಾಥರ್ ಎಂಬ ಹೆಸರೇ ಇಲ್ಲ, ಕಾಣುವುದು ಊರಿನ 'ಒಳ್ಳೆಯ ಗಂಡಸರು' ಮತ್ತು ಅವರಿಗೆ ಬಾಗುವ ಸಭ್ಯತೆ. ಬಲ್ಗೇರಿಯಾದಿಂದ ಬಂದ, ಬಿಷಪ್ಪರೂ ಸಿದ್ಧಾಂತವೂ ಇದ್ದ ದೊಡ್ಡ ಪ್ರತಿ-ಚರ್ಚು ಎಂಬುದು ಹೆದರಿದ ಪಾದ್ರಿಗಳ ಮತ್ತು ಆಮೇಲಿನ ಇತಿಹಾಸಕಾರರ ಕಟ್ಟಡ.

ನಾನು ಅಷ್ಟು ದೂರ ಹೋಗಲಾರೆ. ಪಂಥದವರೇ ಬರೆದ ದೀಕ್ಷಾವಿಧಿ ಲಿಯೋನ್‌ನಲ್ಲಿದೆ, ಆಕ್ಸಿತಾನ್ ಭಾಷೆಯಲ್ಲೇ. ಎರಡು ಮೂಲತತ್ತ್ವಗಳ ಬಗ್ಗೆ ಅವರದೇ ಲ್ಯಾಟಿನ್ ಗ್ರಂಥ ಇಟಲಿಯಲ್ಲಿ ಸಿಕ್ಕಿದೆ. 17 ವರ್ಷ ಆ ಪಂಥದಲ್ಲಿದ್ದು ಆಮೇಲೆ ಡೊಮಿನಿಕನ್ ಆದ ರೈನೇರಿಯಸ್ ಸಾಕ್ಕೋನಿ 1250ರಲ್ಲಿ ಅವರ ಸಂಘಗಳನ್ನು ಹೆಸರಿಸಿ, ಲೋಕದಲ್ಲೆಲ್ಲ ಸೇರಿ ದೀಕ್ಷಿತರು 4,000 ಕೂಡ ಇರಲಾರರು ಎಂದು ಲೆಕ್ಕ ಕೊಡುತ್ತಾನೆ. ಇಲ್ಲದ ಭೂತವನ್ನು ಹುಟ್ಟಿಸುವವನು ಸಂಖ್ಯೆಯನ್ನು ದೊಡ್ಡದು ಮಾಡುತ್ತಾನೆಯೇ ಹೊರತು ಚಿಕ್ಕದು ಮಾಡುವುದಿಲ್ಲ.

ಆದರೆ ಕ್ಯಾಥರರು ಬೆಕ್ಕಿನ ಹಿಂಭಾಗಕ್ಕೆ ಮುತ್ತಿಡುತ್ತಾರೆ ಎಂದೆಲ್ಲ ಬರೆದ ಅಲೆನ್ ದ ಲೀಲ್‌ನಂಥ ಪಂಡಿತನನ್ನು ನೋಡಿದರೆ ಕಡಲೂರಿನವರ ಅನುಮಾನವೂ ಸರಿಯೇ.

ತುಂಗಾತೀರ:
ನಾನಿನ್ನೂ ಸೋತಿಲ್ಲ. ಮೊಂಸೆಗ್ಯೂರ್ ಬೀಳದೇ ಇದ್ದಿದ್ದರೆ ಕಡತ ಏನು ಮಾಡುತ್ತಿತ್ತು? ವಿಚಾರಕರಿಗೆ ಕುರ್ಚಿ ಹಾಕಿಕೊಟ್ಟದ್ದೇ ಸೈನ್ಯ. 1229ರ ಪ್ಯಾರಿಸ್ ಒಪ್ಪಂದದಲ್ಲಿ ತುಲೂಸಿನ ಕೌಂಟ್ ಏಳನೆಯ ರೇಮಂಡ್ ಮಂಡಿಯೂರಿದ, ಮಗಳನ್ನು ಅರಸನ ತಮ್ಮನಿಗೆ ಕೊಟ್ಟ, ಕಡೆಗೆ 1271ರಲ್ಲಿ ಆ ಮಗಳೂ ಅಳಿಯನೂ ಮಕ್ಕಳಿಲ್ಲದೆ ಸತ್ತು ಇಡೀ ನಾಡು ಅರಸೊತ್ತಿಗೆಗೆ ಹೋಯಿತು. ಕೌಂಟ್ ಬಲವಾಗಿ ಇದ್ದಿದ್ದರೆ ಯಾವ ಸನ್ಯಾಸಿಗೆ 5,000 ಜನರನ್ನು ಕರೆಸುವ ಧೈರ್ಯವಿತ್ತು?

ಕಡತಪ್ರಿಯ:
ಒಪ್ಪುತ್ತೇನೆ, ಕತ್ತಿ ಬಾಗಿಲು ತೆಗೆಯಿತು. ಆದರೆ ಜನ ಹೆಚ್ಚು ಹೆದರಿದ್ದು ಯಾವುದಕ್ಕೆ ನೋಡಿ. 1242ರ ಮೇ 28ರ ರಾತ್ರಿ ಮೊಂಸೆಗ್ಯೂರಿನಿಂದ ಇಳಿದು ಬಂದ ಗುಂಪು ಆವಿನ್ಯೊನೆಯಲ್ಲಿ ತಂಗಿದ್ದ ವಿಚಾರಕರನ್ನು ಕೊಡಲಿಯಿಂದ ಕೊಚ್ಚಿ ಹಾಕಿತು. ಸತ್ತವರಲ್ಲಿ ಗಿಯೋಮ್ ಆರ್ನೋ ಮುಖ್ಯ. ಅವನ ತಲೆಬುರುಡೆ ಏಕೆ ತರಲಿಲ್ಲ, ಚಿನ್ನದ ಪಟ್ಟಿ ಕಟ್ಟಿಸಿ ಅದರಲ್ಲಿ ದ್ರಾಕ್ಷಾರಸ ಕುಡಿಯುತ್ತಿದ್ದೆ ಎಂದು ಕೋಟೆಯ ದಳಪತಿ ಕೇಳಿದನಂತೆ. ಅಂದು ವಿಚಾರಕರ ದಾಖಲೆ ಪುಸ್ತಕಗಳನ್ನೂ ಹರಿದು ಹಾಳು ಮಾಡಿದರು. ಮುಂದೆ 1280ರ ದಶಕದಲ್ಲಿ ಕಾರ್ಕಸೋನ್‌ನಲ್ಲಿ ದಾಖಲೆಗಳನ್ನು ಕದ್ದು ಸುಡುವ ಸಂಚು ನಡೆದಿತ್ತು ಎಂದು ವಿಚಾರಕರು ಆರೋಪ ಹೊರಿಸಿದರು. ನಿಜವೋ ಕಟ್ಟುಕಥೆಯೋ, ಊರಿನ ಗಣ್ಯರು ಅದಕ್ಕೆ ಕೈಹಾಕಿಯಾರು ಎಂದು ಎಲ್ಲರಿಗೂ ಅನಿಸಿತ್ತಲ್ಲ.

ಶಿಕ್ಷೆಯ ಲೆಕ್ಕವನ್ನೂ ನೋಡಿ. 1245-46ರ ಆ ಮಹಾವಿಚಾರಣೆಯಿಂದ ನಮಗೆ ತಿಳಿದಿರುವ 207 ತೀರ್ಪುಗಳಲ್ಲಿ 23 ಸೆರೆವಾಸ, ಉಳಿದ 184 ಬಟ್ಟೆಯ ಮೇಲೆ ಹಳದಿ ಶಿಲುಬೆ ಹೊಲಿದುಕೊಂಡು ತಿರುಗುವ ಶಿಕ್ಷೆ. ಹಳದಿ ಶಿಲುಬೆಯವಳ ಮನೆಗೆ ಹೆಣ್ಣು ಕೇಳಲು ಯಾರು ಬರುತ್ತಾರೆ? ಹಳದಿ ಶಿಲುಬೆಯವನಿಗೆ ಕೆಲಸ ಯಾರು ಕೊಡುತ್ತಾರೆ? ಸತ್ತವರನ್ನೂ ಬಿಡಲಿಲ್ಲ. ಹೆಣ ಅಗೆದು ಸುಟ್ಟು, ವಾರಸುದಾರರ ಆಸ್ತಿ ಕಿತ್ತುಕೊಂಡರು.

ಲಾಂಗ್‌ಡಾಕ್‌ನ ಕೊನೆಯ ದೀಕ್ಷಿತ ಗಿಯೋಮ್ ಬೆಲಿಬಾಸ್ತ್ ಸಿಕ್ಕಿಬಿದ್ದದ್ದೂ ಆಸ್ತಿಯ ಆಸೆಯಿಂದಲೇ. ಪಿರನೀಸ್ ಬೆಟ್ಟದಾಚೆ ಓಡಿಹೋಗಿ ಬಾಚಣಿಗೆ ಮಾಡಿಕೊಂಡು ಬದುಕಿದ್ದ ಅವನಲ್ಲಿಗೆ ಆರ್ನೋ ಸಿಕ್ರ್ ಎಂಬವನು ಭಕ್ತನಂತೆ ಬಂದ. ಆರ್ನೋನ ತಾಯಿಯನ್ನು ಪಾಷಂಡಿಯೆಂದು ಸುಟ್ಟು ಮನೆಯನ್ನು ಮುಟ್ಟುಗೋಲು ಹಾಕಿದ್ದರು. ಆ ಮನೆ ವಾಪಸ್ ಬೇಕಿತ್ತು. ಬೆಲಿಬಾಸ್ತ್‌ನನ್ನು ನಂಬಿಸಿ ಗಡಿ ದಾಟಿಸಿ ಹಿಡಿದುಕೊಟ್ಟ. 1321ರಲ್ಲಿ ವಿಲ್‌ರೂಜ್‌ನಲ್ಲಿ ಚಿತೆ. ಈ ಕಥೆ ಗೊತ್ತಿರುವುದೂ ಪಾಮಿಯೆಯ ಬಿಷಪ್ ಝಾಕ್ ಫೂರ್ನಿಯೆ ಬರೆಸಿದ ದಾಖಲೆಯಿಂದ. ಆತ ಆಮೇಲೆ ಹನ್ನೆರಡನೆಯ ಬೆನೆಡಿಕ್ಟ್ ಎಂಬ ಪೋಪ್ ಆದ. ಮೊಂತಾಯು ಎಂಬ ಬೆಟ್ಟದ ಹಳ್ಳಿಯಲ್ಲಿ ಯಾರು ಯಾರ ತಲೆಯ ಹೇನು ತೆಗೆಯುತ್ತಿದ್ದರು ಎಂಬಷ್ಟರ ಮಟ್ಟಿಗೆ ಬರೆಸಿದ್ದಾನೆ ಪುಣ್ಯಾತ್ಮ.

ಕಡಲೂರಿನವಳು:
ಮಗನೇ ತಾಯಿಯ ಮನೆಗಾಗಿ ತಾಯಿಯ ಪಂಥದ ಗುರುವನ್ನು ಹಿಡಿದುಕೊಡುವಂತೆ ಮಾಡಿದ್ದು ಕತ್ತಿಗೂ ಸಾಧ್ಯವಿರಲಿಲ್ಲ. ತುಂಗಾತೀರರೇ, ನಾನು ಕಡತದ ಕಡೆಗೆ ವಾಲುತ್ತಿದ್ದೇನೆ.

ತುಂಗಾತೀರ:
ವಾಲಿರಿ. ನಾನು ಇಲ್ಲೇ ಇದ್ದೇನೆ.

ಹಾರುಹಕ್ಕಿ:
ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ವಿಮಾನದ ಕೆಲಸದ ಮೇಲೆ ತುಲೂಸಿನಲ್ಲಿದ್ದೇನೆ, ವಾರಾಂತ್ಯ ಬಿಡುವಿದೆ. 'ಕ್ಯಾಥರ್ ನಾಡು' ಎಂಬ ಫಲಕಗಳು ಹೆದ್ದಾರಿಯುದ್ದಕ್ಕೂ ಇವೆ. ಏನು ನೋಡಲಿ?

ನಿವೃತ್ತ ಮೇಷ್ಟ್ರು:
ಫಲಕಗಳು ಪ್ರವಾಸೋದ್ಯಮದವು, ಸ್ವಲ್ಪ ಹುಷಾರು. ಪೇರ್‌ಪೆರ್ತೂಸ್, ಕೇರಿಬ್ಯೂಸ್ ಕೋಟೆಗಳಲ್ಲಿ ಈಗ ಕಾಣುವ ಬಹುಪಾಲು ಗೋಡೆ ಆಮೇಲೆ ಫ್ರಾನ್ಸಿನ ಅರಸರು ಅರಗಾನ್ ಗಡಿ ಕಾಯಲು ಕಟ್ಟಿಸಿದ್ದು. ಮೊಂಸೆಗ್ಯೂರಿನ ತುದಿಯಲ್ಲಿರುವ ಕಟ್ಟಡವೂ 1244ರ ನಂತರದ್ದೇ. ಕಾರ್ಕಸೋನ್ ಕೋಟೆಯ ಚೂಪು ಗೋಪುರಗಳು 19ನೆಯ ಶತಮಾನದ ಜೀರ್ಣೋದ್ಧಾರ. ಆದರೂ ಮೊಂಸೆಗ್ಯೂರ್ ಹತ್ತಿ. ಕಡಿದಾದ ದಾರಿ, ಒಳ್ಳೆಯ ಬೂಟು ಬೇಕು, ನೀರಿನ ಬಾಟಲಿ ಮರೆಯಬೇಡಿ. ಹತ್ತು ತಿಂಗಳ ಮುತ್ತಿಗೆ ಆ ಬಂಡೆಯ ಮೇಲೆ ಹೇಗೆ ತಡೆಯಿತು ಎಂಬುದು ಅಲ್ಲಿ ನಿಂತಾಗಲೇ ತಿಳಿಯುತ್ತದೆ. ಶರಣಾದ ಮೇಲೆ ಸಿಕ್ಕ 15 ದಿನಗಳ ಬಿಡುವಿನಲ್ಲಿ, ಜೀವ ಉಳಿಸಿಕೊಂಡು ಹೋಗಬಹುದಾಗಿದ್ದ ಸುಮಾರು ಇಪ್ಪತ್ತು ಜನ ತಾವಾಗಿ ದೀಕ್ಷೆ ಪಡೆದು ಚಿತೆಗೆ ನಡೆದರು. ಅವರಲ್ಲಿ ಸಿಪಾಯಿಗಳೂ ಇದ್ದರು.

ಕಡತಪ್ರಿಯ:
ತುಲೂಸಿನಲ್ಲೇ ಇದ್ದೀರಿ ಎಂದ ಮೇಲೆ ಸ್ಯಾಂ ಸೆರ್ನ್ಯಾಂ ಚರ್ಚಿಗೆ ಮೊದಲು ಹೋಗಿ. ಆ 5,400 ಜನ ಸರದಿ ನಿಂತದ್ದು ಅದರ ಅಂಗಳದ ಸುತ್ತಿನ ಪಡಸಾಲೆಯಲ್ಲಿ. ಪಡಸಾಲೆ ಈಗಿಲ್ಲ, 19ನೆಯ ಶತಮಾನದಲ್ಲಿ ಕೆಡವಿದರು. ಹಸ್ತಪ್ರತಿಯೇ ಸುಮಾರು 1260ರಲ್ಲಿ ತೆಗೆದ ನಕಲು, ಮೂಲ ಸಿಕ್ಕಿಲ್ಲ. ಅದನ್ನು ನೋಡಬೇಕಿದ್ದರೆ ಗ್ರಂಥಾಲಯದವರನ್ನು ಮೊದಲೇ ವಿಚಾರಿಸಿ. ಹಳೆಯ ಹಸ್ತಪ್ರತಿಗಳನ್ನು ಯಾರು ಬಂದರೂ ತೆಗೆದು ಕೊಡುವುದಿಲ್ಲ.

ಹಾರುಹಕ್ಕಿ:
ಗ್ರಂಥಾಲಯಕ್ಕೆ ಸೋಮವಾರ ಬರೆಯುತ್ತೇನೆ. ಶನಿವಾರ ಮೊಂಸೆಗ್ಯೂರ್. ಮಳೆಯ ಮುನ್ಸೂಚನೆ ಇದೆ, ಬೂಟು ಇವತ್ತೇ ಕೊಳ್ಳಬೇಕು.